ತಂದೆಯ ಹೆಸರಿದ್ದ ಮೇಲ್

ಗೊನ್ಪೊಕ್ಯಿಯ ಮೇಜು ಬಾಗಿಲ ಪಕ್ಕದ್ದು. ಮೆಕ್ಲಿಯೋಡ್‌ಗಂಜ್ ಬಸ್ ನಿಲ್ದಾಣದಿಂದ ಕೆಳಗಿಳಿಯುವ ಮೆಟ್ಟಿಲುಗಳಲ್ಲಿ ನಲವತ್ತೊಂದನೆಯದರ ಎಡಕ್ಕೆ ಒಂದು ಹೊಲಿಗೆ ಅಂಗಡಿ. ಅದರ ಮೇಲೆ ಎರಡು ಕೋಣೆಯ ಕಚೇರಿ. ಗಡಿಯಾಚೆ ಟಿಬೆಟಿನಿಂದ ಬರುವ ಸುದ್ದಿ ಕೂಡಿಸಿ ಹದಿನೈದು ದಿನಕ್ಕೊಮ್ಮೆ ಎಂಟು ಪುಟದ ಪತ್ರಿಕೆ ಮಾಡುವುದು ಅಲ್ಲಿನ ಕೆಲಸ. ಇರುವವರು ಮೂವರು. ಕಚೇರಿಗೆ ಬರುವ ಪ್ರತಿಯೊಂದು ಮೇಲ್ ಮೊದಲು ಗೊನ್ಪೊಕ್ಯಿಯ ಕಂಪ್ಯೂಟರಿಗೆ ಬರುತ್ತದೆ. ಅವಳು ನೋಡಿ ಬಿಟ್ಟರೆ ಮಾತ್ರ ಮುಂದಿನ ಮೇಜಿಗೆ ಹೋಗುತ್ತದೆ.

ಈ ಏರ್ಪಾಡು ಆದದ್ದು ಮೂರು ವರ್ಷದ ಹಿಂದೆ. ಆಗ ಅವಳು ಕಚೇರಿಯಲ್ಲಿ ಕಸ ಗುಡಿಸಿ ಚಹಾ ಮಾಡುತ್ತಿದ್ದಳು. ಒಂದು ದಿನ ದಕ್ಷಿಣದ ಮಠವೊಂದರ ಹಿರಿಯ ಭಿಕ್ಷುವಿನ ಹೆಸರಿನಲ್ಲಿ ಮೇಲ್ ಬಂತು. ಆ ವಾರ ತೀರಿಕೊಂಡವರ ಪಟ್ಟಿ ಇದರ ಜೊತೆಗಿದೆ, ಓದಿ ಪ್ರಾರ್ಥಿಸಿ ಎಂದಿತ್ತು. ಸತ್ತವರ ಪಟ್ಟಿಯನ್ನು ಓದದೆ ಪಕ್ಕಕ್ಕೆ ಸರಿಸುವುದು ಆ ಜನಕ್ಕೆ ಆಗದ ಕೆಲಸ. ಕಚೇರಿಯಲ್ಲಿದ್ದ ಎಲ್ಲರೂ ತೆರೆದು ಓದಿದರು, ಕಣ್ಣು ಮುಚ್ಚಿ ನಾಲ್ಕು ಮಾತು ಜಪಿಸಿದರು. ಪಟ್ಟಿಯ ಜೊತೆ ಒಳಗೆ ಬಂದದ್ದು ಕಂಪ್ಯೂಟರುಗಳಲ್ಲಿ ಹನ್ನೊಂದು ವಾರ ಸದ್ದಿಲ್ಲದೆ ಕೂತು ಎಲ್ಲವನ್ನೂ ಓದಿತು. ಅದು ಪತ್ತೆಯಾಗುವ ಹೊತ್ತಿಗೆ, ಟಿಬೆಟಿನ ಒಳಗಿನಿಂದ ಸುದ್ದಿ ಕಳಿಸುತ್ತಿದ್ದ ಇಬ್ಬರು ಬರೆಯುವುದನ್ನು ನಿಲ್ಲಿಸಿದ್ದರು. ಯಾಕೆ ನಿಲ್ಲಿಸಿದರು ಎಂದು ಕೇಳಲು ದಾರಿಯಿರಲಿಲ್ಲ.

ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ಗೊನ್ಪೊಕ್ಯಿ ಚಹಾದ ಬಟ್ಟಲು ಇಡುತ್ತ ಹೇಳಿದ್ದಳು: "ಆ ಮೇಲ್ ಬಂದ ದಿನ ಆ ಭಿಕ್ಷುಗಳು ಉಪವಾಸ, ಮೌನ. ಪ್ರತಿ ವರ್ಷ ಅದೇ ದಿನ. ಮೇಲ್ ಹೇಗೆ ಬರೆದ್ರು ಅಂತ ನಂಗೆ ಆವತ್ತೇ ಅನ್ನಿಸ್ತು."

"ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಕಚೇರಿಯ ಮುಖ್ಯಸ್ಥರಾದ ಚಿಮೆ ಗೆನ್‌ಲಾ ಕೇಳಿದ್ದರು. ಎಪ್ಪತ್ತೊಂದರ ನಿವೃತ್ತ ಮೇಷ್ಟ್ರು ಅವರು. ಊರೆಲ್ಲ ಅವರನ್ನು ಗೆನ್‌ಲಾ ಎಂದೇ ಕರೆಯುವುದು.

"ಚಹಾ ಮಾಡೋಳ್ನ ಯಾರೂ ಕೇಳ್ಲಿಲ್ಲ, ಗೆನ್‌ಲಾ."

ಮರುದಿನದಿಂದ ಬಾಗಿಲ ಪಕ್ಕದ ಮೇಜು ಅವಳದಾಯಿತು. ಚಹಾ ಮಾಡುವುದೂ ಅವಳಿಗೇ ಉಳಿಯಿತು.

ಅವಳ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅನುಮಾನ ಬಂದ ಪ್ರತಿ ಮೇಲ್‌ಗೆ ಒಂದು ಸಾಲು, ಪ್ರತಿ ಸಾಲಿಗೆ ನಾಲ್ಕು ಅಂಕಣ. ವಿಳಾಸ ಯಾವುದು. ಕಳಿಸಿದ ಗಡಿಯಾರ ಎಲ್ಲಿಯದು. ಈ ಮನುಷ್ಯ ಹೀಗೆ ಬರೆಯುತ್ತಾನೆಯೇ. ಫೋನಿನಲ್ಲಿ ಕೇಳಿದಾಗ ಏನೆಂದ. ಫೋನ್ ಮಾಡುವುದು ತಮ್ಮ ಬಳಿ ಮೊದಲೇ ಇದ್ದ ನಂಬರಿಗೆ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ನಾಲ್ಕೂ ತುಂಬಿದ ಮೇಲೆ, ಸುಳ್ಳೆಂದು ಖಚಿತವಾದರೆ, ಆ ವಿಳಾಸದಿಂದ ಮುಂದೆ ಏನೂ ಬರದಂತೆ ತಡೆ ಹಾಕುತ್ತಾಳೆ. ಮೂರು ವರ್ಷದಲ್ಲಿ ಇನ್ನೂರ ಹನ್ನೆರಡು ಸಾಲುಗಳಾಗಿದ್ದವು.

"ಅಚಾಲಾ ಮೇಲ್‌ಗಳ ಕಿವಿ ಹಿಡಿದು ನೋಡ್ತಾರೆ," ಎನ್ನುವುದು ಯಾಂಗ್ಜಮ್‌ಳ ತಮಾಷೆ. ಅಚಾಲಾ ಎಂದರೆ ಅಕ್ಕ. ಕಚೇರಿಯ ಮೂರನೆಯವಳು, ಇಪ್ಪತ್ತೊಂಬತ್ತರವಳು, ಹುಟ್ಟಿ ಬೆಳೆದದ್ದು ಬೈಲುಕುಪ್ಪೆಯಲ್ಲಿ. ಪುಟ ಕಟ್ಟುವುದು, ಕಂಪ್ಯೂಟರ್ ರಿಪೇರಿ ಎರಡೂ ಅವಳದೇ. ಗೊನ್ಪೊಕ್ಯಿ ಟಿಬೆಟಿನ ಆಮ್ದೊ ಸೀಮೆಯ ಕುರಿಗಾಹಿಗಳ ಮಗಳು. ಅಲ್ಲಿ ಪ್ರತಿ ಮನೆಯವರೂ ತಮ್ಮ ಕುರಿಯ ಕಿವಿಗೆ ಬೇರೆ ಬೇರೆ ಗುರುತು ಕತ್ತರಿಸುತ್ತಾರೆ. ಸಂಜೆ ಮಂದೆ ಬಂದಾಗ ಬೇರೆಯವರ ಕುರಿ ಸೇರಿದೆಯೇ ಎಂದು ನೋಡುವುದು ಅವಳ ಕೆಲಸವಾಗಿತ್ತು ಎಂದು ಯಾವಾಗಲೋ ಹೇಳಿದ್ದಳು. ಆ ಮಾತನ್ನು ಯಾಂಗ್ಜಮ್ ಮರೆತಿರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೊನ್ಪೊಕ್ಯಿ ಆ ಊರು ಬಿಟ್ಟದ್ದು. ಹಿಮದ ಮೇಲೆ ಇಪ್ಪತ್ತಮೂರು ರಾತ್ರಿ ನಡೆದು ಈ ಕಡೆ ಬಂದಳು. ಎಡಗಾಲಿನ ಎರಡು ಬೆರಳು ಹಾದಿಯಲ್ಲಿ ಹೋದವು. ಈಗ ನಲವತ್ತಾರು. ತಂದೆಯನ್ನು ಮತ್ತೆ ನೋಡಲಿಲ್ಲ. ಊರಿಗೆ ಫೋನ್ ಮಾಡಿದರೆ ಎತ್ತಿದವರಿಗೆ ತೊಂದರೆ, ಆದ್ದರಿಂದ ಮಾಡುವುದಿಲ್ಲ. ಸುದ್ದಿ ಬರುತ್ತಿದ್ದುದು ಒಂದೇ ದಾರಿಯಲ್ಲಿ: ಕಠ್ಮಂಡುವಿನ ಬೌಧಾದಲ್ಲಿ ಉಣ್ಣೆಯ ಬೂಟು ಮಾರುವ ಸಂಗ್ಡಾಕ್‌ನಿಂದ. ತಂದೆಗೆ ದೂರದ ತಮ್ಮ, ಅವಳಿಗೆ ಅಖು, ಎಂದರೆ ಚಿಕ್ಕಪ್ಪ. ಅವನ ತಂಗಿಯ ಮಗಳು ಊರಿನ ಹತ್ತಿರದ ಪಟ್ಟಣದಲ್ಲಿದ್ದಳು. ಅವಳು ಹೇಗೋ ಅವನಿಗೆ ತಿಳಿಸುವಳು, ಅವನು ವರ್ಷಕ್ಕೆರಡು ಮೂರು ಬಾರಿ ಗೊನ್ಪೊಕ್ಯಿಗೆ ಮೇಲ್ ಬರೆಯುವನು. ಎಲ್ಲ ಮೇಲ್‌ಗಳೂ ತಂದೆಯ ಹೆಸರಿನಿಂದಲೇ ಶುರುವಾಗುತ್ತಿದ್ದವು. ಇಂಥವನು ಹೊಸ ಕುದುರೆ ಕೊಂಡಿದ್ದಾನೆ. ಇಂಥವನು ಕಣ್ಣಿನ ಪೊರೆ ತೆಗೆಸಿಕೊಂಡ, ಈಗ ಅರ್ಧ ಹರದಾರಿ ದೂರದ ಯಾಕ್ ಯಾರದೆಂದು ಹೇಳುತ್ತಾನೆ. ಹತ್ತೊಂಬತ್ತು ಮೇಲ್‌ಗಳು. ಅವಳು ಯಾವುದನ್ನೂ ಅಳಿಸಿರಲಿಲ್ಲ.

ಜನವರಿಯ ಆ ಬುಧವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಇಪ್ಪತ್ತನೆಯದು ಬಂತು.

"ಗೊನ್ಪೊಕ್ಯಿ, ಭಾರವಾದ ಮನಸ್ಸಿನಿಂದ ಬರೆಯುತ್ತಿದ್ದೇನೆ," ಎಂದಿತ್ತು. ಮುಂದೆ ತಂದೆಯ ಹೆಸರು, ಊರಿನ ಹೆಸರಿನ ಸಮೇತ, ಪೂರ್ತಿಯಾಗಿತ್ತು. ಅವರು ಕಳೆದ ತಿಂಗಳು ತೀರಿಕೊಂಡರು. ಕೊನೆಯ ದಿನಗಳ ಫೋಟೊ ಮತ್ತು ಪ್ರಾರ್ಥನೆಗೆ ಬೇಕಾದ ವಿವರ ಇದರ ಜೊತೆಗಿದೆ, ತೆರೆದು ನೋಡು. ನನ್ನ ಹಳೆಯ ಮೇಲ್ ತೆರೆಯುತ್ತಿಲ್ಲ, ಇನ್ನು ಮುಂದೆ ಈ ವಿಳಾಸಕ್ಕೇ ಬರೆ. ಸಂಗ್ಡಾಕ್.

ಕೆಳಗೆ ಒಂದು ಫೈಲು.

ಅವಳು ಎರಡು ಸಲ ಓದಿದಳು. ಕೈ ಮೌಸಿನ ಮೇಲಿತ್ತು. ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಆ ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಿತ್ತು, ಒಳಗಿನಿಂದ ಸುದ್ದಿ ಕೊಡುವ ನೂರ ಹನ್ನೆರಡು ಜನರದು. ಫೈಲು ತೆರೆದರೆ ತಂದೆಯ ಮುಖ ಕಾಣಬಹುದು. ತೆರೆದರೆ ಆ ನೂರ ಹನ್ನೆರಡು ಜನ ಬೇರೆ ಯಾರಿಗೋ ಕಾಣಬಹುದು. ನೋಟ್‌ಬುಕ್ ತೆಗೆದು ದಿನಾಂಕ ಬರೆದಳು. ಇನ್ನೂರ ಹದಿಮೂರನೆಯ ಸಾಲು.

ಮೊದಲ ಅಂಕಣ: ವಿಳಾಸ ಹೊಸದು. ಹಳೆಯದು ಕೆಟ್ಟರೆ ನಿಜವಾದವರೂ ಹೊಸದು ಮಾಡಿಕೊಳ್ಳುತ್ತಾರೆ, ಇದರಿಂದ ಏನೂ ಸಿದ್ಧವಾಗುವುದಿಲ್ಲ. ಎರಡನೆಯದು: ಮೇಲ್‌ನ ಒಳವಿವರ ತೆಗೆದು ನೋಡಿದಳು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು. ಸಂಗ್ಡಾಕ್‌ನ ಹತ್ತೊಂಬತ್ತು ಮೇಲ್‌ಗಳಲ್ಲೂ ಗ್ರೀನಿಚ್ ಸಮಯಕ್ಕಿಂತ ಐದೂ ಮುಕ್ಕಾಲು ಗಂಟೆ ಮುಂದು ಎಂಬ ನೇಪಾಳದ ಗುರುತಿತ್ತು. ಇದರಲ್ಲಿ ಬೇರೆ ಅಂಕಿ. ಆದರೆ ಸೈಬರ್ ಅಂಗಡಿಯ ಗಡಿಯಾರ ತಪ್ಪಿರಬಹುದು. ಇದೂ ಸಾಕ್ಷಿಯಲ್ಲ. ಮೂರನೆಯ ಅಂಕಣಕ್ಕೆ ಬಂದು ಪೆನ್ನು ನಿಂತಿತು.

ಅವರ ಕಣಿವೆಯಲ್ಲಿ ಉಸಿರು ಹೋದವರ ಹೆಸರನ್ನು ಯಾರೂ ಆಡುವುದಿಲ್ಲ. ಮಠಕ್ಕೆ ಕೊಡುವ ಚೀಟಿಯಲ್ಲೂ 'ಇಂಥವರ ತಂದೆ', 'ಇಂಥವರ ಹೆಂಡತಿ' ಎಂದಷ್ಟೇ. ಅವಳ ಅಜ್ಜಿ ಹೋದಾಗ, ಅದೇ ಹೆಸರಿದ್ದ ಪಕ್ಕದ ಡೇರೆಯ ಹುಡುಗಿಗೆ ಒಂದೇ ದಿನದಲ್ಲಿ ಹೊಸ ಹೆಸರು ಇಟ್ಟಿದ್ದರು. ಆ ಹೊಸ ಹೆಸರನ್ನು ದಿನವಿಡೀ ಕೂಗಿ ಕೂಗಿ ಎಲ್ಲರಿಗೂ ರೂಢಿ ಮಾಡಿಸಿದವನು ಸಂಗ್ಡಾಕ್.

ಈ ಮನುಷ್ಯ ಹೀಗೆ ಬರೆಯುತ್ತಾನೆಯೇ? 'ಇಲ್ಲ' ಎಂದು ಬರೆದಳು.

ಹಾಗಾದರೆ ಮೇಲ್ ಸುಳ್ಳು. ಸುಳ್ಳು ಎಂದು ತಿಳಿದಾಗ ಒಳಗೆ ಏನಾದರೂ ಹಗುರಾಗಬೇಕಿತ್ತು. ಏನೂ ಆಗಲಿಲ್ಲ. ಹೀಟರಿನ ಎರಡು ಕೆಂಪು ಕಂಬಿಗಳಲ್ಲಿ ಒಂದು ಉರಿಯುತ್ತಿಲ್ಲ ಎಂಬುದನ್ನು ಗಮನಿಸಿದಳು.

"ಅಚಾಲಾ, ಚಹಾ ಕುದ್ದು ಕುದ್ದು ಟಾರ್ ಆಗಿದೆ. ರಸ್ತೆಗೆ ಹಾಕ್ಬಹುದು," ಎಂದು ಯಾಂಗ್ಜಮ್ ಒಳಗಿನಿಂದ ಬಂದಳು. ಬುಧವಾರ ಟಿಬೆಟಿನ ಉಡುಗೆ ತೊಡುವ ದಿನವಾದ್ದರಿಂದ ಉದ್ದನೆಯ ಛುಪಾ ಉಟ್ಟಿದ್ದಳು, ಅದರ ಸೊಂಟಪಟ್ಟಿ ಬಿಗಿಯಾಗಿ ಬೆಳಿಗ್ಗೆಯಿಂದ ಗೊಣಗುತ್ತಿದ್ದಳು. "ಏನಾಯ್ತು? ಯಾವುದು ಇವತ್ತು ಕಿವಿ ತೋರಿಸ್ತಾ ಇಲ್ಲ?"

ಗೊನ್ಪೊಕ್ಯಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಯಾಂಗ್ಜಮ್ ನಿಂತೇ ಓದಿದಳು.

"ಅಯ್ಯೋ, ಅಚಾಲಾ..."

"ಸುಳ್ಳು ಮೇಲು."

"ಹೇಗೆ ಹೇಳ್ತೀರಾ?"

"ನಮ್ಮೋರು ಹೋದೋರ ಹೆಸರು ಬರೆಯಲ್ಲ."

"ನಮ್ಮ ಕಡೆ ಬರೀತಾರಲ್ಲ. ನಮ್ಮಜ್ಜ ಹೋದಾಗ ಮಠದ ಬಾಗಿಲಿಗೇ ಚೀಟಿ ಅಂಟಿಸಿದ್ರು. ಹೆಸರು, ಹುಟ್ಟಿದ ವರ್ಷ, ಕ್ಯಾಂಪ್ ನಂಬರು, ಎಲ್ಲ."

"ಅದು ನಿಮ್ಮ ಕಡೆ."

ಅಷ್ಟರಲ್ಲಿ ಗೆನ್‌ಲಾ ಮೆಟ್ಟಿಲು ಹತ್ತಿ ಬಂದರು, ಮಫ್ಲರ್ ಬಿಚ್ಚುತ್ತಲೇ ಪರದೆ ಓದಿದರು. ನಶ್ಯದ ಡಬ್ಬಿ ತೆಗೆದರು, ಮುಚ್ಚಳ ತೆರೆಯದೆ ಹಾಗೇ ಹಿಡಿದುಕೊಂಡರು.

"ಒಳಗಿನ ಕೋಣೇಲಿ ಹಳೇ ಕಂಪ್ಯೂಟರ್ ಇದೆಯಲ್ಲ, ಇಂಟರ್ನೆಟ್ ತಂತೀನೂ ಇಲ್ಲದ್ದು," ಎಂದರು. "ಆ ಫೈಲನ್ನ ಅದಕ್ಕೆ ಹಾಕಿ ತೆಗಿ, ಮಗಳೇ. ಫೋಟೊ ಇದ್ರೆ ಒಂದ್ಸಲ ನೋಡ್ಕೋ. ಆಮೇಲೆ ಆ ಡಬ್ಬಾನೇ ಗುಜರಿಗೆ ಹಾಕೋಣ."

"ಅದಕ್ಕೆ ಹಾಕೋಕೆ ಪೆನ್‌ಡ್ರೈವ್ ಬೇಕು, ಗೆನ್‌ಲಾ. ಪೆನ್‌ಡ್ರೈವ್ ವಾಪಸ್ ಇದೇ ಮೇಜಿಗೆ ಬರುತ್ತೆ."

"ಅದನ್ನೂ ಬಿಸಾಕೋಣ."

"ಮೊದಲು ಫೋನು. ನಿಯಮ ಮಾಡಿದ್ದು ನೀವೇ."

"ಮಾಡಿದ್ದು ನಾನೇ," ಎಂದರು ಗೆನ್‌ಲಾ. "ಮಾಡೋವಾಗ ನಿನ್ನ ಮುಖ ಎದುರಿಗಿರ್ಲಿಲ್ಲ." ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಬೌಧಾಕ್ಕೆ ಫೋನ್ ಮಾಡಿದಾಗ ಎತ್ತಿದ್ದು ಸಂಗ್ಡಾಕ್‌ನ ಹೆಂಡತಿ ಪಾಸಾಂಗ್.

"ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದಾರೆ. ಮೂರು ವರ್ಷದ ನೋವಿಗೆ ಇವತ್ತು ಮುಹೂರ್ತ ಬಂತು. ಡಾಕ್ಟ್ರಿಗೆ ಹೆದರಿ ಫೋನ್ ಬೇರೆ ಮನೇಲೇ ಬಿಟ್ಟಿದ್ದಾರೆ. ಮೂರು ಗಂಟೆಗೆ ಬರ್ತಾರೆ. ನಮ್ಮ ಮೂರು, ನಿಮ್ಮ ಮೂರಲ್ಲ."

"ಅಖು ನಂಗೆ ಮೇಲ್ ಏನಾದ್ರೂ..."

"ಮೇಲಾ?" ಎಂದಳು ಪಾಸಾಂಗ್. "ಅದೆಲ್ಲ ನಂಗೊತ್ತಿಲ್ಲಮ್ಮ. ಅವರ ಹತ್ರಾನೇ ಮಾತಾಡು."

ಪಾಸಾಂಗ್ ಫೋನಿಗೆ ಸಿಕ್ಕರೆ ಹತ್ತು ನಿಮಿಷಕ್ಕೆ ಕಡಿಮೆ ಬಿಡುವವಳಲ್ಲ. ಅಂದಿನ ಕರೆ ಒಂದು ನಿಮಿಷ ಐವತ್ತು ಸೆಕೆಂಡಿಗೆ ಮುಗಿಯಿತು.

ಮಧ್ಯಾಹ್ನ ಶಾವಿಗೆ ಸಾರಿನ ಥುಕ್ಪಾ ಕುಡಿಯುತ್ತ ಯಾಂಗ್ಜಮ್ ತಾನೇ ಲೆಕ್ಕ ಹಾಕಿದಳು. "ಮೇಲ್ ಸುಳ್ಳು ಅಂದ್ರೆ ನಿಮ್ಮಪ್ಪ ಚೆನ್ನಾಗೇ ಇದ್ದಾರೆ ಅಂತಾಯ್ತು ಬಿಡಿ. ಇಲ್ಲಿ ನೀವು ಥುಕ್ಪಾ ಆರಿಸ್ತಾ ಕೂತಿದ್ದೀರಾ, ಅಲ್ಲಿ ಅವರು ಯಾರಿಗೋ ಬೈತಾ ಇರ್ತಾರೆ. ಹೆಸರೇನು ಅಂದ್ರಿ? ನಂಗೆ ನಿಮ್ಮ ಆಮ್ದೊ ಹೆಸರು ನಾಲಿಗೇಲಿ ತಿರುಗಲ್ಲ."

ಗೊನ್ಪೊಕ್ಯಿ ತಂದೆಯ ಹೆಸರು ಹೇಳಿದಳು. ಬದುಕಿರುವವರ ಹೆಸರಾದ್ದರಿಂದ ಹೇಳಬಹುದಿತ್ತು. ಯಾಂಗ್ಜಮ್ ಅದನ್ನು ತಪ್ಪಾಗಿ ಹೇಳಿದಳು. ಗೊನ್ಪೊಕ್ಯಿ ಎರಡು ಭಾಗ ಮಾಡಿ ನಿಧಾನವಾಗಿ ಮತ್ತೆ ಹೇಳಿಕೊಟ್ಟಳು. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಯಾಂಗ್ಜಮ್ ಚಮಚ ಎತ್ತಿ ಇನ್ನೊಂದು ಸಲ ಹೇಳಿ ತೋರಿಸಿದಳು. ಮಗಳಾದವಳು ತಂದೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅದನ್ನು ತನ್ನ ಬಾಯಿಂದ ಹೇಳಿದ್ದು ಇದೇ ಮೊದಲಿರಬೇಕು ಎಂದುಕೊಂಡಳು. ಥುಕ್ಪಾ ಆರಿತ್ತು. ಅದನ್ನು ಪೂರ್ತಿ ಕುಡಿದಳು.

ಮೂರಕ್ಕೆ ಹದಿನೈದು ನಿಮಿಷವಿರುವಾಗ ಮತ್ತೆ ಫೋನ್ ಮಾಡಿದಳು. ಈ ಸಲ ಎತ್ತಿದ್ದು ಸಂಗ್ಡಾಕ್. ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದ. ಇಬ್ಬರೂ ಊರಿನ ಮಾತಿಗೆ ಇಳಿದರು.

"ಅಖು, ನೀವು ನನಗ ಮೇಲ್ ಕಳಿಸೀರೇನು?"

"ಇಲ್ಲವಾ. ಯಾವಾಗ?"

"ಇವತ್ತ ಮುಂಜಾನೆ. ಹೊಸಾ ವಿಳಾಸದಿಂದ."

"ನಾ ಯಾವ ಹೊಸಾದೂ ಮಾಡಿಲ್ಲ. ನನಗ ಹಳೇದ ನೆಟ್ಟಗ ತೆರ್ಯಾಕ ಬರೂದಿಲ್ಲ."

ನಾಲ್ಕನೆಯ ಅಂಕಣದಲ್ಲಿ 'ಕಳಿಸಿಲ್ಲ' ಎಂದು ಬರೆದಳು. ಸಾಲು ತುಂಬಿತು. ಕಚೇರಿಯ ಮಟ್ಟಿಗೆ ಅಲ್ಲಿಗೆ ಕೆಲಸ ಮುಗಿದಿತ್ತು.

"ಏನಂತ ಬರದಾರ ಅದರಾಗ?" ಸಂಗ್ಡಾಕ್ ಕೇಳಿದ.

"ಆಪಾ ಹೋದ ಅಂತ. ಹೆಸರ ಹಿಡದ ಬರದಾರ."

"ಹೆಸರ ಹಿಡದು?"

"ಹೂಂ. ಊರಿನ ಹೆಸರೂ ಹಾಕ್ಯಾರ."

"ಥೂ. ಯಾರ ಹೊಟ್ಟಿಯಾಗ ಹುಟ್ಟಿದವರು," ಎಂದ ಸಂಗ್ಡಾಕ್. ಅವನ ಅಂಗಡಿಯ ಮುಂದೆ ಯಾವುದೋ ಮೋಟರ್‌ಸೈಕಲ್ ನಿಂತದ್ದು, ಹೊರಟದ್ದು ಕೇಳಿಸಿತು.

ಈಗ ಅವನು ಹೇಳಬೇಕಾದದ್ದು ಒಂದೇ ಮಾತು. ಎಲ್ಲ ಸುಳ್ಳವಾ, ಇಂಥವನು ಗುಂಡಗಲ್ಲಿನ ಹಾಂಗ ಅದಾನ. ಹೆಸರು ಹೇಳಿ, ನಕ್ಕು, ಬೈಯಬೇಕು. ಗೊನ್ಪೊಕ್ಯಿ ಕಾದಳು.

"ಗೊನ್ಪೊಕ್ಯಿ," ಎಂದ. "ನಿಮ್ಮ ಮನೀ ಹಿರ್ಯಾರ ವಿಚಾರ..."

ಹತ್ತೊಂಬತ್ತು ಮೇಲ್‌ಗಳಲ್ಲೂ ಹೆಸರು ಇರುತ್ತಿದ್ದ ಜಾಗ ಅದು. ಹೆಸರು ಬರಲಿಲ್ಲ.

"ಯಾವಾಗ?" ಎಂದು ಕೇಳಿದಳು.

"ಡಿಸೆಂಬರ್ ಎರಡನೇ ಸೋಮವಾರ. ಮುಂಜಾನೆ ಚಹಾ ಕುಡದು ಬಿಸಲಿಗೆ ಕುಂತಿದ್ರಂತ. ನೋವು ಗೀವು ಏನೂ ಇಲ್ಲ. ತಂಗಿ ಮಗಳು ನನಗ ಬರದಿದ್ಲು, ಫೋಟೋನೂ ಕಳಿಸಿದ್ಲು. ನಾ ನಿನಗ ನಾಕ ಸಲಾ ಬರದೆ. ಬರದು ಬರದು ಹಾಂಗ ಬಿಟ್ಟೆ. ಹೆಂಗ ಕಳಿಸ್ಲಿ ಹೇಳು. ಮೇಲ್ ಪೆಟಿಗ್ಯಾಗ ಅಲ್ಲೇ ಉಳದಾವು ನಾಕೂ."

"ಅವನ್ನ ಓದ್ಯಾರ."

"ಯಾರು?"

"ಈ ಮೇಲ್ ಬರದವರು. ನಿಮ್ಮ ಪೆಟಿಗಿ ತಗದು ಎಲ್ಲಾ ಓದ್ಯಾರ. ನೀವು ಹೆಸರ ಹಾಕ್ತಿದ್ರಿ ಅಂತ ಅವರೂ ಹಾಕ್ಯಾರ."

ಸಂಗ್ಡಾಕ್ ಹತ್ತಿ ಉಗಿದ ಸದ್ದು ಕೇಳಿಸಿತು. "ನನಗಿಂತ ಮೊದಲ ಅವರು ನಿನಗ ಹೇಳಿದ್ರಲ್ಲವಾ," ಎಂದ. "ನನ್ನ ಬಾಯಿಲೆ ಹೇಳೂದಿತ್ತು."

ಗೊನ್ಪೊಕ್ಯಿಗೆ ತನ್ನ ದನಿ ಎಂದಿನಂತೆಯೇ ಕೇಳಿಸಿತು. "ಅಖು, ಈಗ ನಾ ಹೇಳೂದ ಕೇಳ್ರಿ. ಆ ಹುಡುಗಿಗೆ ಇನ್ನ ಬರೀಬ್ಯಾಡ ಅಂತ ಹೇಳ್ರಿ. ಮೇಲ್‌ನಾಗ ಹೇಳಬ್ಯಾಡ್ರಿ, ಫೋನ್‌ನಾಗೂ ಬ್ಯಾಡ. ಆ ಕಡೆ ಹೋಗೋರ ಬಾಯಾಗ ಹೇಳಿ ಕಳಿಸ್ರಿ. ನಿಮ್ಮ ಹಳೇ ವಿಳಾಸ ಮುಟ್ಟಬ್ಯಾಡ್ರಿ ಇನ್ನ. ನಾ ಇಲ್ಲಿಂದ ಅದನ್ನೂ ಬಂದ್ ಮಾಡ್ತೀನಿ."

"ಮತ್ತ ಊರಿನ ಸುದ್ದಿ ಹೆಂಗ ಬರ್ತದ?"

"ಬರೂದಿಲ್ಲ."

"ಫೋಟೊ ನನ್ನ ಕಡೆ ಐತಿ. ಕಳಿಸ್ಲೇನು?"

"ಬ್ಯಾಡ. ಕಾಗದದ ಮ್ಯಾಲ ತಗಿಸಿ ಇಡ್ರಿ. ಯಾರಾರ ಈ ಕಡೆ ಬರೋರಿದ್ರ ಅವರ ಕೈಯಾಗ ಕೊಡ್ರಿ. ಹಲ್ಲಿಗೆ ಉಪ್ಪುನೀರು ಮುಕ್ಕಳಿಸ್ರಿ."

ಎಂಟು ನಿಮಿಷದ ಕರೆ. ಫೋನನ್ನು ನೋಟ್‌ಬುಕ್ ಪಕ್ಕದಲ್ಲಿಟ್ಟಳು.

ಮೊದಲು ಹೊಸ ವಿಳಾಸ. ತಡೆ ಹಾಕಿದಳು, ಫೈಲಿನ ಸಮೇತ ಮೇಲನ್ನು ಬೇರೆ ಪೆಟ್ಟಿಗೆಗೆ ಸರಿಸಿದಳು. ಆ ಫೈಲಿನಲ್ಲಿ ನಿಜವಾಗಿ ಫೋಟೊ ಇರಬಹುದು ಎಂಬುದು ಈಗ ಅವಳಿಗೆ ಗೊತ್ತಿತ್ತು. ಮುಟ್ಟಲಿಲ್ಲ. ಆಮೇಲೆ ಹಳೆಯ ವಿಳಾಸ. ಈ ವಿಳಾಸದಿಂದ ಮುಂದೆ ಯಾವ ಮೇಲೂ ಬರುವುದಿಲ್ಲ, ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಎಲ್ಲ ವಿಳಾಸಕ್ಕೂ ಅದು ಹಾಗೆಯೇ ಕೇಳುತ್ತದೆ. ಹೌದು ಎಂದು ಒತ್ತಿದಳು.

ಇಂಥ ಮೇಲ್ ಬಂದಾಗ ಊರಿನ ಉಳಿದ ಕಚೇರಿಗಳಿಗೂ ತಿಳಿಸಲು ಒಂದು ನಮೂನೆ ಇದೆ. ಯಾರ ಹೆಸರಿನಲ್ಲಿ ಬಂತು: ಸಂಗ್ಡಾಕ್, ಬೌಧಾ. ಏನು ಹೇಳಿ ತೆರೆಸಲು ನೋಡಿದರು: ಸಾವಿನ ಸುದ್ದಿ. ಮೇಲ್‌ನಲ್ಲಿ ಹೆಸರಿಸಿದ ವ್ಯಕ್ತಿ: ಅಲ್ಲಿ ಒಂದು ಗೆರೆ ಎಳೆದಳು. ಸುದ್ದಿ ನಿಜವೇ ಎಂಬ ಅಂಕಣ ನಮೂನೆಯಲ್ಲಿ ಇರಲಿಲ್ಲ.

ಯಾಂಗ್ಜಮ್ ಹೊಸದಾಗಿ ಚಹಾ ಮಾಡಿ ತಂದಳು. "ಏನಂದ್ರು? ಅವರು ಕಳಿಸಿದ್ದಲ್ಲ ತಾನೆ?"

"ಅವರು ಕಳಿಸಿದ್ದಲ್ಲ."

"ನಾ ಹೇಳ್ಲಿಲ್ವಾ! ಹಾಗಾದ್ರೆ ನಿಮ್ಮಪ್ಪ..." ಎಂದು, ಮಧ್ಯಾಹ್ನ ಕಲಿತ ಹೆಸರನ್ನು ತಪ್ಪಿಲ್ಲದೆ ಶುರುಮಾಡಿದಳು.

ಗೊನ್ಪೊಕ್ಯಿ ಅಂಗೈ ಎತ್ತಿದಳು.

ಹೆಸರಿನ ಮೊದಲ ಭಾಗದಲ್ಲಿ ಯಾಂಗ್ಜಮ್‌ಳ ಬಾಯಿ ನಿಂತಿತು. ಆ ಕೈಯನ್ನು ನೋಡಿದಳು, ಮುಖ ನೋಡಿದಳು. ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಹೀಟರನ್ನು ಕಾಲಿನಿಂದ ಗೊನ್ಪೊಕ್ಯಿಯ ಕಡೆಗೆ ಸರಿಸಿದಳು, ಎರಡು ಬೆರಳಿಲ್ಲದ ಎಡಗಾಲಿನ ಹತ್ತಿರಕ್ಕೆ.

ಗೊನ್ಪೊಕ್ಯಿ ಗೋಡೆಯ ಕ್ಯಾಲೆಂಡರ್ ನೋಡಿ ಎಣಿಸಿದಳು. ಹೋದ ದಿನವನ್ನೂ ಸೇರಿಸಿ ಇಂದಿಗೆ ಮೂವತ್ತೊಂದು. ಹೋದವರಿಗಾಗಿ ಪ್ರಾರ್ಥಿಸುವ ನಲವತ್ತೊಂಬತ್ತು ದಿನದಲ್ಲಿ ಹದಿನೆಂಟು ಉಳಿದಿವೆ. ಏಳೇಳು ದಿನಕ್ಕೊಮ್ಮೆ ಬರುವ ಪೂಜೆಗಳಲ್ಲಿ ನಾಲ್ಕು ದಾಟಿ ಹೋಗಿವೆ, ಮೂರು ಉಳಿದಿವೆ. ಮೂರೂ ಭಾನುವಾರ, ಕಚೇರಿಗೆ ರಜೆ ಕೇಳಬೇಕಾಗಿಲ್ಲ. ನೋಟ್‌ಬುಕ್‌ನ ಕೊನೆಯ ಹಾಳೆ ಹರಿದು ಬರೆದಳು: 'ಗೊನ್ಪೊಕ್ಯಿಯ ತಂದೆ. ಹದಿನೆಂಟು ದಿನ ದೀಪ.' ಮಡಿಸಿ ಒಳಗಿನ ಕೋಣೆಗೆ ಹೋಗಿ ಗೆನ್‌ಲಾ ಮುಂದೆ ಇಟ್ಟಳು. ದೇವಸ್ಥಾನ ಅವರ ಮನೆಯ ದಾರಿಯಲ್ಲೇ ಇತ್ತು.

ಗೆನ್‌ಲಾ ಬಿಚ್ಚಿ ಓದಿದರು. ಎದ್ದು ನಿಂತರು. "ಮನೆಗೆ ಹೋಗು, ಮಗಳೇ," ಎಂದರು.

"ಇನ್ನೂ ಮೇಲ್ ಇವೆ, ಗೆನ್‌ಲಾ."

ಮೇಜಿಗೆ ಮರಳಿದಳು. ಫೋನಿನಲ್ಲಿದ್ದಾಗ ಮೂರು ಬಂದಿದ್ದವು. ಚಹಾ ಒಂದು ಗುಟುಕು ಕುಡಿದು, ಮೊದಲನೆಯದರ ವಿಳಾಸ ನೋಡಿದಳು.